ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಟ್ಟ ಎಲೆ

ಒದ್ದೆ ಬಟ್ಟೆ ಮತ್ತು ಹಸಿ ಎಲೆ ಎರಡೂ ಕೂಡಿದರೆ ಒಂದು ವಾಸನೆ ಏಳುತ್ತದೆ. ಬಾವಿಕಟ್ಟೆಯ ಹತ್ತಿರ ನಿಂತ ಹಾಗೆ, ತಂಪಾಗಿ, ಸ್ವಲ್ಪ ಮಣ್ಣು ಮಣ್ಣಾಗಿ. ಸವಣೂರಿನ ಎಲೆಪೇಟೆಯಲ್ಲಿ ಬದುಕಿನ ಮುಕ್ಕಾಲು ಪಾಲನ್ನು ಆ ವಾಸನೆಯಲ್ಲೇ ಕಳೆದವನು ನಾನು. ಹೋದ ಭಾನುವಾರ ಮಗ ಇಲ್ಲಿ ಆಕ್ಲೆಂಡಿನ ಏವನ್‌ಡೇಲ್ ಸಂತೆಯಿಂದ ವೀಳ್ಯದೆಲೆಯ ಕಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಎಲೆ ಬೇಕಲ್ಲ! ಹೌದು, ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನಮ್ಮ ಮನೆತನದಲ್ಲಿ ನನ್ನ ತಂಗಿಯ ನಂತರ ಹೆಣ್ಣು ಹುಟ್ಟಿರಲೇ ಇಲ್ಲ. ಕೂಸಿನ ಕಿವಿ ನೋಡಬೇಕು ನೀವು, ಎಳೆ ಚಿಗುರಿನ ಹಾಗೆ ಮಡಿಚಿಕೊಂಡಿದೆ. ಆಸ್ಪತ್ರೆಯಲ್ಲಿ ಅವಳನ್ನು ನನ್ನ ಕೈಗೆ ಕೊಟ್ಟಾಗ ನಾನು ಅತ್ತುಬಿಟ್ಟೆ. ದಾದಿ ನನಗೇ ಕುರ್ಚಿ ತಂದು ಹಾಕಿದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನಮ್ಮ ಬೀದಿಗೆ ಕಾಗದ ಹಂಚುವವನಿಗೂ ಹೇಳಿದ್ದೇನೆ.

ಎಲೆ ಕಟ್ಟು ಬಿಚ್ಚಿದೆ. ಹಳೆಯ ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕೊಡವಿ ಹಾಸಿದೆ. ತೊಟ್ಟು ಒಂದು ಕಡೆ ಬರುವ ಹಾಗೆ ಎಲೆ ಜೋಡಿಸಿ ಸುತ್ತಿದೆ. ಕೈ ತಾನಾಗಿ ಮಾಡುವ ಕೆಲಸ ಅದು. ಆ ವಾಸನೆ ಮೂಗಿಗೆ ಬಂತು ನೋಡಿ, ನನ್ನ ಕೈ ಅಲ್ಲೇ ನಿಂತಿತು.

"ಯಾಕ್ರಿ ಮಾವಾರ, ಬಿಪಿ ಏನರ ಏರೈತೇನು?" ಎಂದಳು ಸೊಸೆ.

ಇಲ್ಲವ್ವಾ ಎಂದೆ. ಮುಖ ತೊಳೆಯುವ ನೆವ ಮಾಡಿ ಒಳಗೆ ಹೋದೆ. ಬೇಲಿಯಾಚೆಯವನು ನೆನಪಾಗಿದ್ದ... ಇಷ್ಟು ಸಂತೋಷದ ದಿನದಲ್ಲಿ ಅವನು ನೆನಪಾಗಿ ನನ್ನ ಮುಖ ಸಣ್ಣದಾಗಿತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಬರೆಯುವುದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನಾನು ಆಕ್ಲೆಂಡಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ನನ್ನಾಕೆ ತೀರಿಕೊಂಡ ಮೇಲೆ ಮಗ ಕರೆಸಿಕೊಂಡಿದ್ದ. ಅವನು ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲಿಗೆ ಹತ್ತಿರವೇ ಬಾಡಿಗೆ ಮನೆ, ಅದರಲ್ಲಿ ಮಗ, ಸೊಸೆ, ಚಿಕ್ಕ ಮೊಮ್ಮಗ, ನಾನು. ಹಿತ್ತಿಲಲ್ಲಿ ಒಂದು ನಿಂಬೆ ಗಿಡ, ಅದರಾಚೆ ನನ್ನ ಎದೆಮಟ್ಟದ ಮರದ ಬೇಲಿ. ನನಗೆ ಊಟದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಸೊಸೆಗೆ ಅದು ಸೇರದು. "ಮಾವಾರ, ನಿಮ್ಮ ಹಲ್ಲು ನೋಡಿದ್ರ ಇಲ್ಲಿ ಡೆಂಟಿಸ್ಟ್ ಕೆಲಸಾ ಬಿಟ್ಟು ಓಡಿ ಹೋಗ್ತಾನ" ಎಂದು ಹಾಸ್ಯ ಮಾಡುತ್ತಿದ್ದಳು. ಹಾಸ್ಯವೇ, ಆದರೂ ಮನೆಗೆ ಯಾರಾದರೂ ಬಂದಾಗ ನಾನು ಬಾಯಿ ಮುಚ್ಚಿಕೊಂಡು ನಗಲು ಕಲಿತಿದ್ದೆ. ಹಿತ್ತಿಲಿಗೆ ಹೋಗಿ, ನಿಂಬೆ ಗಿಡದ ಮರೆಯಲ್ಲಿ ನಿಂತು ಎಲೆ ಹಾಕಿಕೊಳ್ಳುತ್ತಿದ್ದೆ. ಊರಲ್ಲಿ ಹತ್ತು ಜನರಿಗೆ ಎಲೆ ಕೊಟ್ಟು ಮಾತಾಡಿಸುತ್ತಿದ್ದವನು ಇಲ್ಲಿ ಕಳ್ಳನ ಹಾಗೆ ಅಗಿಯುತ್ತಿದ್ದೆ.

ಒಂದು ಮಧ್ಯಾಹ್ನ ಗಿಡದ ಬುಡಕ್ಕೆ ಉಗುಳಿದೆ. ಬೇಲಿಯಾಚೆಯಿಂದ ಒಬ್ಬ ಕೂಗಿದ. ಕೂಗಿದ್ದಷ್ಟೇ ಅಲ್ಲ, ಬೇಲಿ ಹಾರಿ ಬಂದೇಬಿಟ್ಟ. ನನ್ನ ಭುಜ ಹಿಡಿದು "ಖೂನ್! ಚಾಚಾ, ಖೂನ್!" ಎನ್ನುತ್ತಾ ಜೇಬಿನಲ್ಲಿ ಫೋನು ಹುಡುಕತೊಡಗಿದ. ನಾನು ರಕ್ತ ಕಾರುತ್ತಿದ್ದೇನೆ ಎಂದುಕೊಂಡಿದ್ದ. ನನಗೆ ನಗು ತಡೆಯಲಾಗಲಿಲ್ಲ. ನಾಲಿಗೆ ಚಾಚಿ ತೋರಿಸಿದೆ, ಸಂಚಿ ಬಿಚ್ಚಿ ಎಲೆ, ಅಡಿಕೆ, ಸುಣ್ಣ ತೋರಿಸಿದೆ. ಅವನು ಒಂದು ಗಳಿಗೆ ನೋಡಿ, ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಆಮೇಲೆ ತನ್ನ ಕೆನ್ನೆ ಮುಟ್ಟಿ ತೋರಿಸಿದ. ಎಡಗೆನ್ನೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಉಬ್ಬಿತ್ತು. ಬಾಯಿ ತೆರೆದ. ಒಳಗೆ ಹಸಿರು.

ಅವನು ಯೆಮನ್ ದೇಶದವನು. ಯುದ್ಧದಿಂದ ತಪ್ಪಿಸಿಕೊಂಡು ಬಂದವನು. ಅದಕ್ಕೂ ಮುಂಚೆ ಸೌದಿಯಲ್ಲಿ ನಮ್ಮ ದೇಶದವರ ಜೊತೆ ಕಟ್ಟಡದ ಕೆಲಸ ಮಾಡಿದ್ದನಂತೆ, ಹೀಗಾಗಿ ಹಿಂದಿ ಬರುತ್ತಿತ್ತು. ನನಗೆ ಸವಣೂರಿನ ಪೇಟೆಯ ಉರ್ದು. ಎರಡೂ ಹರಕೇ, ಆದರೆ ಹೊಂದಿಕೊಂಡಿತು. ನಾನು ಅವನನ್ನು ತಮ್ಮಾ ಎನ್ನುತ್ತಿದ್ದೆ. ಅವನು ನನಗೆ ಚಾಚಾ. ಅವನ ಬಾಯಿಯ ಎಲೆಯ ಹೆಸರು ಖಾತ್. ಅವನ ಊರಲ್ಲಿ ಮಧ್ಯಾಹ್ನ ಊಟವಾದ ಮೇಲೆ ಗಂಡಸರೆಲ್ಲ ದಿಂಬಿಗೆ ಒರಗಿ ಕೂತು ಅದನ್ನು ಅಗಿಯುತ್ತಾ ಮದುವೆ ಮಾತು, ಜಗಳದ ಮಾತು ಎಲ್ಲ ಮುಗಿಸುತ್ತಾರಂತೆ. ಅಯ್ಯೋ, ಇದು ನಮ್ಮ ಎಲೆ ಅಡಿಕೆಯೇ ಅಲ್ಲವೇ ಎನಿಸಿತು ನನಗೆ. ಒಂದು ಚಿಗುರು ಕೊಟ್ಟ. ಅಗಿದೆ. ಬಾಯೆಲ್ಲ ಒಗರು. "ಇದಕ್ಕಿಂತ ಬೇವಿನಸೊಪ್ಪು ವಾಸಿ" ಎಂದೆ. ನನ್ನ ಎಲೆಗೆ ಸುಣ್ಣ ಹಚ್ಚಿ ಕೊಟ್ಟೆ, ಅವನು ನಾಲಿಗೆ ಸುಟ್ಟುಕೊಂಡು ನಲ್ಲಿಗೆ ಓಡಿದ. ಆ ದಿನದಿಂದ ಬೇಲಿಯ ಆಚೆ ಅವನು, ಈಚೆ ನಾನು.

ಅವನು ಒಬ್ಬನೇ ಇದ್ದ. ಹೆಂಡತಿ ಮತ್ತು ಮಗಳು ಬೇರೆ ದೇಶದಲ್ಲಿ ಯಾರದೋ ಆಸರೆಯಲ್ಲಿದ್ದರು. ವೀಸಾಕ್ಕೆ ಕಾಯುತ್ತಿದ್ದ. ಮಗಳ ಒಂದು ಫೋಟೋ ಫೋನಿನಲ್ಲಿತ್ತು. ಮುಂದಿನ ಹಲ್ಲು ಬಿದ್ದ ಬಾಯಿ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ದಿನಕ್ಕೊಂದು ಸಲ ಅದನ್ನು ನನಗೆ ತೋರಿಸುತ್ತಿದ್ದ, ನಾನು ದಿನವೂ ಹೊಸದಾಗಿ ನೋಡುತ್ತಿದ್ದೆ. ಅವಳು ಬಂದರೆ ಈ ಕೋಣೆ, ಅವಳು ಬಂದರೆ ಆ ಸಾಲೆ, ಅವಳು ಬಂದರೆ ಸಮುದ್ರದ ದಂಡೆಗೆ... ಅವನ ಮಾತೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೆಲಸ ಒಂದು ಗೋದಾಮಿನಲ್ಲಿ, ಪೆಟ್ಟಿಗೆ ಎತ್ತಿ ಇಡುವುದು. ಮೈಮುರಿದು ಬಂದರೂ ರಾತ್ರಿ ಕಣ್ಣು ಮುಚ್ಚಿದರೆ ಬಾಂಬಿನ ಸದ್ದು ಕೇಳುತ್ತದೆ ಎಂದು ಒಂದು ಸಲ ಹೇಳಿದ್ದ. ನಾನು ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ.

ಆ ಎಲೆ ಅವನಿಗೆ ಸಿಗುತ್ತಿದ್ದದ್ದು ವಾರಕ್ಕೆ ಒಂದೇ ಸಲ. ದೂರದ ಯಾವುದೋ ಊರಲ್ಲಿ ಯಾರೋ ಅಂದಕ್ಕೆಂದು ಬೇಲಿಸಾಲಿಗೆ ಹಚ್ಚಿದ ಗಿಡವಂತೆ. ಅವನ ಪರಿಚಯದವನೊಬ್ಬ ಶುಕ್ರವಾರ ಇಲ್ಲಿನವರು ಯೂಟ್ ಎನ್ನುವ ಸಣ್ಣ ಸಾಮಾನು ಗಾಡಿಯಲ್ಲಿ ಕಟ್ಟು ತಂದು ಕೊಟ್ಟು ಹೋಗುತ್ತಿದ್ದ. ಬೇಗ ಬಾಡುವ ಎಲೆ. ಬಾಡಿದರೆ ಅದರಲ್ಲಿ ಏನೂ ಇಲ್ಲ ಎಂದು ಭಾನುವಾರ ಉಳಿದದ್ದನ್ನು ಕಸದ ಡಬ್ಬಿಗೆ ಹಾಕುತ್ತಿದ್ದ. ಹೀಗೆ ಅದು ಎರಡು ದಿನದ ಆಟ, ಉಳಿದ ದಿನ ಬಾಯಿ ಖಾಲಿ.

ಎಲೆ ಎಸೆಯುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಎಲೆ ಮಾರಿ ಮಕ್ಕಳನ್ನು ಸಾಕಿದವನು ನಾನು. ನಮ್ಮ ಅಪ್ಪ ನನಗೆ ಬೇರೇನೂ ಕಲಿಸಲಿಲ್ಲ, ಎಲೆಯನ್ನು ಜೀವಂತ ಇಡುವುದನ್ನು ಕಲಿಸಿದ. ಬೇಸಿಗೆಯಲ್ಲೂ ನಮ್ಮ ಅಂಗಡಿಯ ಎಲೆ ಬಾಡುತ್ತಿರಲಿಲ್ಲ. "ಕೊಡೋ ತಮ್ಮಾ ಇಲ್ಲಿ" ಎಂದು ಅವನ ಕೈಯಿಂದ ಕಟ್ಟು ಕಿತ್ತುಕೊಂಡೆ. ಕೆಟ್ಟದ್ದನ್ನು ಆರಿಸಿ ತೆಗೆದೆ, ಟವೆಲ್ ಹಿಂಡಿ ಸುತ್ತಿದೆ, ಇಷ್ಟು ಹೊತ್ತಿಗೊಮ್ಮೆ ತಿರುವಿ ಹಾಕು ಎಂದೆ. ಮುಂದಿನ ಗುರುವಾರದವರೆಗೂ ಎಲೆ ಚಿಗುರಿನ ಹಾಗೇ ಇತ್ತು. ಅವನು ನನ್ನ ಕೈ ಹಿಡಿದು ಮುತ್ತಿಟ್ಟ. ನನ್ನ ಎದೆ ಎಷ್ಟು ಉಬ್ಬಿತು! ಈ ದೇಶಕ್ಕೆ ಬಂದ ಮೇಲೆ ಯಾರಿಗೂ ಬೇಡವಾಗಿದ್ದ ನನ್ನ ವಿದ್ಯೆ ಒಬ್ಬನಿಗಾದರೂ ಬೇಕಾಯಿತಲ್ಲ. ಊಟಕ್ಕೆ ಕೂತಾಗ ಮಗನ ಮುಂದೆ ಜಂಬ ಕೊಚ್ಚಿಕೊಂಡೆ. ಅವನು ಯಾವ ಎಲೆ ಎಂದು ಕೇಳಲಿಲ್ಲ. "ಚಲೋ ಆತು ಬಿಡಪ್ಪಾ, ನಿನಗೂ ಒಬ್ಬ ಗಿರಾಕಿ ಸಿಕ್ಕಂಗಾತು" ಎಂದು ನಕ್ಕ.

ವಾರ ವಾರ ಕಟ್ಟಿಕೊಟ್ಟೆ. ಅವನು ದಿನ ದಿನ ಅಗಿದ.

ಮೊದಮೊದಲು ನನಗೆ ಅದು ಚೆನ್ನಾಗಿಯೇ ಕಂಡಿತು. ಮಾತೆಂದರೆ ಮಾತು. ಕಣ್ಣು ಮಿಂಚುತ್ತಿತ್ತು. ಹೋಟೆಲು ಇಡುತ್ತೇನೆ, ರಾಜಧಾನಿ ವೆಲ್ಲಿಂಗ್ಟನ್ನಿಗೆ ಹೋಗಿ ಮಂತ್ರಿಯನ್ನೇ ಕಂಡು ವೀಸಾ ತರುತ್ತೇನೆ ಎನ್ನುತ್ತಿದ್ದ. ಮಗಳ ಕೋಣೆಗೆ ಗುಲಾಬಿ ಬಣ್ಣ ಹೊಡೆದ, ಮೂರನೆಯ ದಿನ ಅದರ ಮೇಲೆ ಹಳದಿ ಹೊಡೆದ. ನಿದ್ದೆ ಮಾಡಿದೆಯೇನೋ ಎಂದರೆ ನಿದ್ದೆ ಯಾರಿಗೆ ಬೇಕು ಚಾಚಾ ಎನ್ನುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಮಾತು ನಿಲ್ಲುತ್ತಿತ್ತು. ಗೋಡೆಗೆ ಮುಖ ಮಾಡಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ. ಮತ್ತೆ ಎಲೆ, ಮತ್ತೆ ಮಾತು.

ವೀಸಾ ಬಂತು. ಕುಣಿದಾಡಬೇಕಾದವನು ಕಿಟಕಿಗಳಿಗೆ ಒಳಗಿನಿಂದ ಅಡುಗೆಯ ಬೆಳ್ಳಿ ಕಾಗದ ಅಂಟಿಸಿದ. ಕರೆಂಟಿನ ಮೀಟರು ನೋಡಲು ಬಂದವನು ಗೂಢಚಾರ ಎಂದ. ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ತನ್ನ ಹೆಸರು ಬರೆದಿಡುತ್ತಾರೆ ಎಂದು ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಒಂದು ದಿನ ಬೇಲಿಯ ಮೇಲಿಂದ ಟವೆಲ್ಲಿನ ಕಟ್ಟು ಕೊಟ್ಟೆ. ಅವನು ಅದನ್ನು ಮೂಸಿ ನೋಡಿ, ದನಿ ತಗ್ಗಿಸಿ, "ಚಾಚಾ, ಈ ಬಟ್ಟೆಗೆ ಏನು ಹಾಕುತ್ತೀರಿ? ನಿಮಗೆ ಯಾರು ಹೇಳಿಕೊಟ್ಟಿದ್ದಾರೆ?" ಎಂದ. ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಕಟ್ಟನ್ನು ಮಾತ್ರ ಕೈಬಿಡಲಿಲ್ಲ.

ಆಗ ಹೋಗಿ ಸೊಸೆಗೆ ಹೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಎಲೆಯ ಹೆಸರು ಕೇಳಿದ್ದೇ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಮಾವಾರ, ಅದು ಇಲ್ಲೆ ಕಾಯ್ದೆಕ್ಕ ವಿರುದ್ಧರೀ! ನಮ್ಮ ಮನ್ಯಾಗಿನ ಟವೆಲ್ಲಿನಾಗ ಸುತ್ತಿ ಕೊಡಾಕತ್ತೀರೇನು?" ಎಂದಳು. ಆಮೇಲೆ ಮೆತ್ತಗೆ ತಿಳಿಸಿ ಹೇಳಿದಳು. ಅದು ನಿದ್ದೆ ಓಡಿಸುವ ಎಲೆಯಂತೆ. ಎಷ್ಟೋ ಜನ ತಿಂದು ಸುಮ್ಮನೆ ಇರುತ್ತಾರೆ. ಆದರೆ ಮನಸ್ಸಿಗೆ ಮೊದಲೇ ಏಟು ಬಿದ್ದವರು ದಿನವೂ ತಿಂದರೆ ಇಲ್ಲದ್ದು ಕಾಣುವುದು, ಎಲ್ಲರ ಮೇಲೆ ಸಂಶಯ ಬರುವುದು ಆಗಬಹುದಂತೆ. ಡಾಕ್ಟರ ಹತ್ತಿರ ಕರೆದೊಯ್ಯಿರಿ ಎಂದಳು. ನಾನು ಹೋಗಿ ಅವನಿಗೆ ಹೇಳಿದೆ. ಇನ್ನು ಕಟ್ಟಿಕೊಡುವುದಿಲ್ಲ ಎಂದೆ. ಆದರೆ ಅವನಿಗೆ ಈಗ ನನ್ನ ಗರಜು ಇರಲಿಲ್ಲ. ಎಲೆ ಆರಿಸುವುದು, ಬಟ್ಟೆ ಹಿಂಡುವುದು, ತಿರುವಿ ಹಾಕುವುದು, ಎಲ್ಲವನ್ನೂ ನೋಡಿ ನೋಡಿ ಕಲಿತುಬಿಟ್ಟಿದ್ದ. ನನ್ನ ಟವೆಲ್ಲುಗಳೂ ಅವನಲ್ಲೇ ಇದ್ದವು. ಡಾಕ್ಟರ ಮಾತು ಎತ್ತಿದರೆ, "ಮಗಳು ಬರಲಿ ಚಾಚಾ, ಆಮೇಲೆ" ಎನ್ನುತ್ತಿದ್ದ.

ಮಗಳು ಬರುವ ದಿನ ನನ್ನ ಮಗನೇ ಕಾರು ತೆಗೆದ. ನಾನೂ ಹೋದೆ. ಏರ್‌ಪೋರ್ಟಿನಲ್ಲಿ ಬಲೂನು ಹಿಡಿದವರು, ಹೂ ಹಿಡಿದವರು, ಎಲ್ಲರ ನಡುವೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವರು ಬರುವುದು ತಡವಾಯಿತು. ಚೀಲದಲ್ಲಿ ಜೇನು ತಂದಿದ್ದರಂತೆ, ಹೊರಗಿನ ಜೇನು ಈ ದೇಶದೊಳಗೆ ತರುವಂತಿಲ್ಲ ಎಂದು ಅಧಿಕಾರಿಗಳು ತೆಗೆಸುತ್ತಿದ್ದರು. ಕಡೆಗೂ ಬಾಗಿಲು ತೆರೆಯಿತು. ಕಪ್ಪು ಬಟ್ಟೆಯ ತಾಯಿ, ಅವಳ ಸೊಂಟ ದಾಟಿ ಬೆಳೆದ ಹುಡುಗಿ. ತಾಯಿ ಅಳುತ್ತಾ ಓಡಿ ಬಂದಳು. ಅವನು ಹೆಂಡತಿಯನ್ನು ನೋಡಲೇ ಇಲ್ಲ. ಹುಡುಗಿಯ ಮುಂದೆ ಮಂಡಿಯೂರಿದ. ಜೇಬಿನಿಂದ ಫೋನು ತೆಗೆದು ಅವಳ ಮುಖದ ಪಕ್ಕ ಹಿಡಿದ. ಫೋಟೋ ನೋಡಿದ, ಮುಖ ನೋಡಿದ. ಹುಡುಗಿಗೆ ಈಗ ಹಲ್ಲು ಬಂದಿದ್ದವು.

"ಇವಳಲ್ಲ ಚಾಚಾ" ಎಂದ ನನ್ನ ಕಡೆ ತಿರುಗಿ. "ಬೇರೆ ಯಾರನ್ನೋ ಕಳಿಸಿದ್ದಾರೆ."

ಆಮೇಲೆ ಅದನ್ನೋ, ಇನ್ನೇನನ್ನೋ, ಹುಡುಗಿಗೆ ಅವರ ಭಾಷೆಯಲ್ಲಿ ಹೇಳಿದ. ಹುಡುಗಿ ಎರಡು ಹೆಜ್ಜೆ ಹಿಂದೆ ಹೋದಳು. ಆ ಮುಖ... ಬೇಡ, ಅದನ್ನು ನಾನು ಬರೆಯಲಾರೆ. ಅವನು ಎದ್ದು ಹೊರಗೆ ನಡೆದ. ನನ್ನ ಮಗ ಹಿಂದೆ ಓಡಿ ಕಾರು ನಿಲ್ಲಿಸುವ ಜಾಗದಲ್ಲಿ ಹಿಡಿದುಕೊಂಡ. ಅಲ್ಲಿಂದ ಆಂಬುಲೆನ್ಸು, ಆಸ್ಪತ್ರೆ. ತಾಯಿ ಮಗಳನ್ನು ನಾನು ಆ ಹಳದಿ ಕೋಣೆಯ ಮನೆಗೆ ಕರೆತಂದೆ.

ಅವನು ಎಷ್ಟೋ ವಾರ ಆಸ್ಪತ್ರೆಯಲ್ಲಿದ್ದ. ಆ ನಡುವೆ ಒಂದು ಬೆಳಿಗ್ಗೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಟವೆಲ್ಲುಗಳು, ಚಾಚಾನವು ಎಂದು ಗಂಡ ಹೇಳಿದ್ದಿರಬೇಕು. ಅವರ ಮನೆಯ ಫ್ರಿಜ್ಜಿನಲ್ಲಿ, ಕಪಾಟಿನಲ್ಲಿ ಖಾಲಿ ಸಿಕ್ಕವನ್ನೆಲ್ಲ ಒಗೆದು, ಮಡಿಚಿ, ಒಂದರ ಮೇಲೊಂದು ಇಟ್ಟಿದ್ದಳು. ಮೇಲಿನದರಲ್ಲಿ ಬಿಸಿ ರೊಟ್ಟಿ ಸುತ್ತಿದ್ದಳು. ಬರಿದಾದ ಬಟ್ಟೆ ತಿರುಗಿ ಕೊಡಬಾರದು ಎಂದು ಅವರಲ್ಲೂ ಇದೆಯೇನೋ. ಅವಳಿಗೆ ಹಿಂದಿ ಬರದು. ಫೋನಿಗೆ ಏನೋ ಹೇಳಿದಳು, ಫೋನು ಅದನ್ನು ಹಿಂದಿಯಲ್ಲಿ ಒಂದು ಹೆಂಗಸಿನ ದನಿಯಲ್ಲಿ ಹೇಳಿತು: "ನನ್ನ ಗಂಡ ಒಂಟಿಯಾಗಿದ್ದಾಗ ನೀವು ಅವನಿಗೆ ಊಟ ಕಟ್ಟಿಕೊಡುತ್ತಿದ್ದಿರಿ. ದೇವರು ನಿಮ್ಮ ಕೈ ತಣ್ಣಗಿಡಲಿ."

ನಮ್ಮ ಕಡೆ ರೊಟ್ಟಿ ಬುತ್ತಿ ಬಟ್ಟೆಯಲ್ಲೇ ಕಟ್ಟುತ್ತಾರೆ, ಅವಳ ಕಡೆಯೂ ಹಾಗೇ ಇರಬೇಕು. ಅವಳು ಬೇರೇನು ತಿಳಿದಾಳು? ನಾನು ಬಾಯಿ ತೆರೆದೆ. ಸೊಸೆ ಒಲೆಯ ಹತ್ತಿರ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿ, ಆ ಕಡೆ ತಿರುಗಿ ನಲ್ಲಿ ಬಿಟ್ಟಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಇರ್ಲಿ ಬಿಡವ್ವಾ" ಎಂದೆ. ಅದು ಕನ್ನಡ, ಅವಳಿಗೆ ತಿಳಿಯಲಿಲ್ಲ. ನನ್ನ ತಲೆ ಅಲ್ಲಾಡಿದ್ದು ಮಾತ್ರ ತಿಳಿಯಿತು. ನನ್ನ ಕೈ ಹಣೆಗೆ ಒತ್ತಿಕೊಂಡು ಹೋದಳು. ಆ ರೊಟ್ಟಿ ನಾವು ತಿಂದೆವು. ಬಿಸಾಡಲು ಮನಸ್ಸಾಗಲಿಲ್ಲ.

ಅವನು ತಿರುಗಿ ಬಂದಾಗ ಮುಖ ಊದಿಕೊಂಡಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಔಷಧಿಯದು ಎಂದಳು ಸೊಸೆ. ಎಲೆ ಬಿಟ್ಟಿದ್ದ. ಬೇಲಿಯ ಹತ್ತಿರ ಬರುತ್ತಿರಲಿಲ್ಲ, ನಾನು ಹಿತ್ತಿಲಿಗೆ ಹೋದರೆ ಅವನು ಒಳಗೆ ಹೋಗುತ್ತಿದ್ದ. ಹುಡುಗಿ ಮಾತ್ರ ತಾಯಿಯ ಬಟ್ಟೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಅಪ್ಪ ಹಾದುಹೋದರೆ ನಿಂತಲ್ಲೇ ನಿಲ್ಲುತ್ತಿದ್ದಳು, ತನ್ನನ್ನು ಮತ್ತೆ ಎಲ್ಲಿಗಾದರೂ ವಾಪಸು ಕಳಿಸಿಬಿಡುತ್ತಾರೇನೋ ಎಂಬ ಹಾಗೆ. ಅಪ್ಪ ಮಗಳು ಒಂದಾಗುವುದುಂಟೇ ಇನ್ನು ಎಂದು ನಾನು ನಿಂಬೆ ಗಿಡದ ಹಿಂದೆ ನಿಂತು ನೋಡುತ್ತಿದ್ದೆ.

ಒಂದೇ ಒಂದು ಸಲ ಅವನಾಗಿ ಬಂದ. ಬೇಲಿಯ ಮೇಲೆ ಎರಡೂ ಕೈ ಇಟ್ಟು, ನೆಲ ನೋಡುತ್ತಾ ಕೇಳಿದ.

"ಚಾಚಾ, ಆ ದಿನ ಮಗಳಿಗೆ ನಾನು ಏನೋ ಹೇಳಿದೆನಂತೆ. ಅವಳು ಹೇಳುವುದಿಲ್ಲ, ಅವಳ ತಾಯಿಯೂ ಹೇಳುವುದಿಲ್ಲ. ನಿಮಗೆ ಏನು ಹೇಳಿದೆ, ಅದನ್ನಾದರೂ ಹೇಳಿ."

"ಎಷ್ಟು ಬೆಳೆದಿದ್ದಾಳೆ, ಗುರುತೇ ಸಿಗುವುದಿಲ್ಲ ಎಂದು ನೀನು ಹೇಳಿದೆ" ಎಂದೆ ನಾನು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಸುಳ್ಳು ಅವನಿಗೆ ತಿಳಿಯಿತು. ತಡೆಯಲಾರದೆ ಟವೆಲ್ಲಿನ ಮಾತು ತೆಗೆದೆ. ನನ್ನ ಕೈ ಸುಮ್ಮನೆ ಇದ್ದಿದ್ದರೆ ವಾರದಲ್ಲಿ ಐದು ದಿನ ನಿನ್ನ ಬಾಯಿ ಖಾಲಿ ಇರುತ್ತಿತ್ತಲ್ಲೋ ತಮ್ಮಾ ಎಂದೆ. ಅವನು ಬೇಡ ಎನ್ನುವ ಹಾಗೆ ಕೈ ಆಡಿಸಿದ. ಡಾಕ್ಟರನ್ನು ಕೇಳಿದ್ದನಂತೆ, ಇದು ಎಲೆಯಿಂದಲೋ, ನಿದ್ದೆ ಇಲ್ಲದ್ದರಿಂದಲೋ, ಯುದ್ಧದಿಂದಲೋ ಎಂದು. ಬೇರೆ ಬೇರೆ ಮಾಡಿ ತೂಗಲು ಬರುವುದಿಲ್ಲ ಎಂದರಂತೆ ಅವರು. "ಯಾವುದಾದರೇನು ಚಾಚಾ" ಎಂದ. "ಬಾಯಿ ನನ್ನದಲ್ಲವೇ." ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವನಿಗೆ ನಾಚಿಕೆಯಾಗಿತ್ತು, ಆ ಮಾತು ಹೇಳಿದಾಗ ನೋಡಿದವರು ನಾವು ಎಂದು. ನನ್ನ ಮುಖ ಕಂಡರೆ ಅವನಿಗೆ ಏರ್‌ಪೋರ್ಟು, ಅವನ ಮುಖ ಕಂಡರೆ ನನಗೆ ಟವೆಲ್ಲು. ಇಬ್ಬರೂ ಹೀಗೆ ನಾಚಿಕೊಂಡರೆ ನಡುವೆ ಮಾತು ಎಲ್ಲಿಂದ ಬರಬೇಕು...

ಕೆಲವು ದಿನ ಕಳೆದು ನಾನು ಮೊಮ್ಮಗನನ್ನು ಸಾಲೆಯಿಂದ ಕರೆತರಲು ಹೋಗಿದ್ದೆ. ಬಂದು ನೋಡಿದರೆ ಪಕ್ಕದ ಮನೆಯ ಕಿಟಕಿಗಳಿಗೆ ಪರದೆಯೇ ಇಲ್ಲ. ವೆಲ್ಲಿಂಗ್ಟನ್ನಿನಲ್ಲಿ ಅವರ ಕಡೆಯವರಿದ್ದಾರಂತೆ, ಅಲ್ಲಿಗೆ ಹೋದರು ಎಂದಳು ಸೊಸೆ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗಿದ್ದ.

ಅದಾಗಿ ವರ್ಷಗಳೇ ಆದವು. ಆ ತಾಯಿಯೂ ನಮ್ಮ ಸೊಸೆಯೂ ಹಬ್ಬಕ್ಕೊಮ್ಮೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ, ಅಷ್ಟೇ. ಅವನು ಈಗ ಬಸ್ಸು ತೊಳೆಯುವ ಕೆಲಸದಲ್ಲಿದ್ದಾನೆ, ಔಷಧಿ ತಪ್ಪಿಸುವುದಿಲ್ಲ, ಇಷ್ಟು ಗೊತ್ತು. ನಿನ್ನೆ ಮೊಮ್ಮಗಳ ತೊಟ್ಟಿಲು. ಮನೆ ತುಂಬ ಜನ, ಬೆಂಗಳೂರು ಮೈಸೂರಿನ ಕಡೆಯವರೂ ಬಂದಿದ್ದರು. ಮೊಮ್ಮಗ ಎಲ್ಲರ ಕೈಗೂ ಪೇಢೆ ಕೊಡುತ್ತಾ "ಅಜ್ಜಾ, ಯು ಆರ್ ಕ್ರೈಯಿಂಗ್ ಅಗೇನ್" ಎಂದು ನನ್ನನ್ನು ಹಂಗಿಸುತ್ತಿದ್ದ. ಇಷ್ಟು ಸಂತೋಷ ಇದ್ದಾಗ ಧೈರ್ಯ ಬರುತ್ತದೆ. ಸೊಸೆಯ ಫೋನು ಇಸಿದುಕೊಂಡು ಅವರ ಮನೆಗೆ ಹಚ್ಚಿಸಿದೆ. ಎತ್ತಿದ್ದು ಆ ಹುಡುಗಿ. ದನಿ ದೊಡ್ಡದಾಗಿದೆ, ಮಾತು ಇಲ್ಲಿನವರದ್ದೇ ಆಗಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಬೇಬಿ, ನಮ್ಮನೆ ಬೇಬಿ ಗರ್ಲ್ ಎಂದೆ. ಓಹ್ ಸೋ ಕ್ಯೂಟ್ ಎಂದಳು. ಅಪ್ಪನಿಗೆ ಕೊಡು ಎಂದೆ.

ಆ ಕಡೆ ಪಿಸುಮಾತು. ಒಂದು ಗಂಡಸಿನ ದನಿ. ಆ ದನಿ ನನಗೆ ಗೊತ್ತಿಲ್ಲವೇ?

"ಡ್ಯಾಡ್ ಸೇಸ್ ಹೀ ಈಸ್ ನಾಟ್ ಹೋಮ್" ಎಂದಳು ಹುಡುಗಿ, ನಗು ತಡೆಯುತ್ತಾ.

ಮನೆಯಲ್ಲಿಲ್ಲ ಎಂದು ಹೇಳು ಎಂದಿದ್ದನ್ನು ಹಾಗೇ ಹೇಳಿದಳು. ಅಪ್ಪನನ್ನು ಗೇಲಿ ಮಾಡುವಷ್ಟು ಸಲಿಗೆ ಬಂದಿದೆ ಅವಳಿಗೆ! ನನ್ನ ಕಣ್ಣು ಮತ್ತೆ ತುಂಬಿತು. ಅಷ್ಟರಲ್ಲಿ ಹೆಂಗಸರು ಜೋಗುಳ ಎತ್ತಿದರು. ನಾನು ಫೋನನ್ನು ತೊಟ್ಟಿಲ ಹತ್ತಿರ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಹಾಡು ಮುಗಿಯುವವರೆಗೂ ಆ ಕಡೆಯವರು ಫೋನು ಇಡಲಿಲ್ಲ. ಯಾರೋ ಕೆಮ್ಮಿದ್ದು ಕೇಳಿಸಿತು. ಹುಡುಗಿಯ ಕೆಮ್ಮಲ್ಲ.

ಹಾಡು ನಿಂತ ಮೇಲೆ ಫೋನು ಕಿವಿಗೆ ಹಿಡಿದು "ತಮ್ಮಾ" ಎಂದೆ.

ಆ ಕಡೆ ಫೋನು ಇಟ್ಟುಬಿಟ್ಟರು. ಮತ್ತೆ ಹಚ್ಚು ಎಂದು ಸೊಸೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.